ಟೊಮೇಟೊ ಹಣ್ಣಿನ ಸಾಸನ್ನು ಮನೆಯಲ್ಲಿ ತಯಾರಿಸಿ ಸೀಸೆಗಳಲ್ಲಿ ಕಾಪಿಡುವ ಕ್ರಮ

ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳ ಬಾವಿ ಕಾಲುವೆಗಳ ಕೆಳಗೆ ಟೊಮೇಟೊ ಬೆಳೆಯುವ ರೈತರಿಗೆ ಒಂದು ಕಷ್ಟವು ಚೆನ್ನಾಗಿ ಪರಿಚಿತವಾಗಿದೆ. ಹಿಂಗಾರಿನಲ್ಲಿ ನಾಟಿಮಾಡಿದ ಸಸಿಗಳೆಲ್ಲವೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಫಲಕ್ಕೆ ಬರುವುವು. ನೆರೆಹೊರೆಯ ಹೊಲಗಳ ಹಣ್ಣೂ ಅದೇ ವಾರದಲ್ಲಿ ಮಾರುಕಟ್ಟೆಗೆ ಸಾಗುವುದು. ಧಾರಣೆ ಬಿದ್ದುಹೋಗುವುದು. ಬಿಡಿಸುವ ಆಳಿನ ಕೂಲಿ, ಕ್ರೇಟಿನ ಬಾಡಿಗೆ, ಗಾಡಿಯ ಸಾಗಣೆ ಇವುಗಳನ್ನು ಕಳೆದರೆ ಕೈಗೆ ಏನೂ ಉಳಿಯದೆಂದು ತಿಳಿದು ರೈತನು ಕೆಂಪಾದ ಹಣ್ಣನ್ನು ಗಿಡದಲ್ಲಿಯೇ ಬಿಡುವನು, ಇಲ್ಲವೆ ದನಗಳನ್ನು ಹೊಲಕ್ಕೆ ಅಟ್ಟುವನು. ಇದಾದ ನಾಲ್ಕಾರು ತಿಂಗಳಿಗೆ ಅದೇ ರೈತನ ಮನೆಯವರು ಅದೇ ಹಣ್ಣನ್ನು ಸಂತೆಯಲ್ಲಿ ದುಬಾರಿ ಬೆಲೆಗೆ ಕೊಳ್ಳುವರು. 2023ನೆಯ ಜುಲೈ ತಿಂಗಳಿನಲ್ಲಿ ದೇಶದ ಅನೇಕ ಪಟ್ಟಣಗಳಲ್ಲಿ ಕಿಲೋ ಒಂದಕ್ಕೆ 100 ರೂಪಾಯಿಗೂ ಮೀರಿ ಮಾರಿದ ಟೊಮೇಟೊ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಲವು ಮಂಡಿಗಳಲ್ಲಿ ಕೊಯ್ಲಿನ ಕೂಲಿಗೂ ಸಾಲದ ಬೆಲೆಗೆ ಇಳಿದುದನ್ನು ಓದುಗರು ಮರೆತಿರಲಾರರು.

ಈ ಏರಿಳಿತವನ್ನು ತಡೆಯುವ ಶಕ್ತಿ ಒಂದು ಊರಿಗೆ ಇಲ್ಲ. ಆದರೆ ಅಗ್ಗವಾದ ಕಾಲದ ಹಣ್ಣನ್ನು ದುಬಾರಿಯ ಕಾಲಕ್ಕೆ ಕೆಡದಂತೆ ಇಟ್ಟುಕೊಳ್ಳುವ ಉಪಾಯವು ಪ್ರತಿಯೊಂದು ಮನೆಯ ಕೈಯಲ್ಲಿಯೂ ಇದೆ. ಮಾವಿನ ಕಾಲದಲ್ಲಿ ಉಪ್ಪಿನಕಾಯಿ ಹಾಕಿ ವರ್ಷವೆಲ್ಲಾ ಉಣ್ಣುವ ನಮ್ಮ ಗೃಹಿಣಿಯರಿಗೆ ಇದು ಹೊಸ ವಿದ್ಯೆಯೂ ಅಲ್ಲ. ಕ್ರಮವೊಂದೇ ಬೇರೆ. ಆ ಕ್ರಮವನ್ನು ಊರಿನ ಗೌಡರು, ಪಂಚಾಯತಿಯ ಪ್ರಮುಖರು ಮತ್ತು ಜಮೀನುದಾರರು ತಾವು ಮೊದಲು ತಿಳಿದು, ತಮ್ಮ ತಮ್ಮ ಊರುಗಳಲ್ಲಿ ಹರಡಲೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯಲಾಗಿದೆ.

ಈ ಪ್ರಾಂತಕ್ಕೆ ಇದರ ಅನುಕೂಲ

ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳಿಗೆ 1953ರಲ್ಲಿ ನೀರು ಬಿಟ್ಟಂದಿನಿಂದ ಸಿರುಗುಪ್ಪದ ಕಡೆಯ ಎರೆಭೂಮಿಯು ಬತ್ತದ ಸೀಮೆಯಾಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆಯು ಮದರಾಸು ಸಂಸ್ಥಾನದಿಂದ ಮೈಸೂರು ಸಂಸ್ಥಾನಕ್ಕೆ ಸೇರಿತು. ಆದರೆ ಎರಡನೆಯ ಬೆಳೆಗೆ ಕಾಲುವೆಯ ನೀರು ಎಲ್ಲ ವರ್ಷವೂ ನಿಶ್ಚಿತವಲ್ಲ. 2024ನೆಯ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಕಾಲುವೆಯ ಕೆಳಗಿನ ರೈತರು ಪಟ್ಟ ಆತಂಕವು ಇನ್ನೂ ನೆನಪಿನಲ್ಲಿದೆ. ಬತ್ತಕ್ಕಿಂತ ಕಡಿಮೆ ನೀರಿನಲ್ಲಿ ಬರುವ ತರಕಾರಿ ಬೆಳೆಗಳ ಕಡೆಗೆ ರೈತರ ಮನಸ್ಸು ಹರಿಯುವುದು ಸಹಜವೇ. ಆದರೆ ಬತ್ತವನ್ನು ಕಣಜದಲ್ಲಿ ತುಂಬಿಡಬಹುದು. ಮೆಣಸಿನಕಾಯಿಯನ್ನು ಒಣಗಿಸಿ ಬ್ಯಾಡಗಿಯ ಪೇಟೆಗೆ ಒಯ್ಯುವವರೆಗೂ ಕಾಯಬಹುದು. ಟೊಮೇಟೊ ಹಣ್ಣು ಹಾಗೆ ಕಾಯುವುದಿಲ್ಲ. ಆದುದರಿಂದ ಈ ಬೆಳೆಯನ್ನು ಕೈಕೊಳ್ಳುವವನು ಅದನ್ನು ಕಾಪಿಡುವ ವಿಧಾನವನ್ನೂ ಕೂಡಲೇ ಕಲಿಯಬೇಕು.

ಸಾಸಿಗೆ ಬೇಕಾದ ಒಣ ಮೆಣಸಿನಕಾಯಿ ಮತ್ತು ಈರುಳ್ಳಿಗಳು ನಮ್ಮ ಸೀಮೆಯಲ್ಲಿಯೇ ಬೆಳೆಯುವುವು. ಬಳ್ಳಾರಿಯ ಪೇಟೆಯಲ್ಲಿ ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿಯ ಅಂಗಡಿಗಳಿಗೆ ಕೊರತೆಯಿಲ್ಲವಾದ್ದರಿಂದ ಸಾಸಿನ ಖರ್ಚಿಗೂ ದೂರ ಹೋಗಬೇಕಾಗಿಲ್ಲ.

"ಹುಣಸೆಹಣ್ಣಿರುವಾಗ ನಮಗೆ ಈ ಪರದೇಶದ ಪದಾರ್ಥವೇಕೆ?" ಎಂದು ಹಿರಿಯರು ಕೆಲವರು ಕೇಳುವುದುಂಟು. ಟೊಮೇಟೊ ದಕ್ಷಿಣ ಅಮೆರಿಕದಿಂದ ಬಂದ ಗಿಡವೆಂಬುದು ನಿಜ. ಆದರೆ ನಮ್ಮ ಕೆಂಪು ಮೆಣಸಿನಕಾಯಿಯೂ ಅಮೆರಿಕ ಖಂಡದಿಂದಲೇ ಬಂದುದು. ಈಗ ಅದಿಲ್ಲದ ಅಡಿಗೆಯ ಮನೆಯನ್ನು ಊಹಿಸುವುದಕ್ಕೂ ಆಗದು.

ಪದಾರ್ಥ ಕೆಡುವುದೇಕೆ, ಕಾಪಿಡುವುದು ಹೇಗೆ

ಕ್ರಮವನ್ನು ಹೇಳುವುದಕ್ಕೆ ಮುಂಚೆ ಅದರ ಕಾರಣವನ್ನು ತಿಳಿಯುವುದು ಅವಶ್ಯಕ. ಕಾರಣವನ್ನು ಅರಿಯದೆ ಮಾಡುವ ಕೆಲಸದಲ್ಲಿ ಒಂದೆರಡು ಹಂತಗಳು ತಪ್ಪಿಹೋಗುವುದು ಸಹಜ. ಆಹಾರವು ಕೆಡುವುದು ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳಿಂದ. ಅವುಗಳನ್ನು ಕಾಯಿಸಿ ಕೊಂದು, ಹೊರಗಿನ ಗಾಳಿ ಸೇರದಂತೆ ಮುಚ್ಚಿಬಿಟ್ಟರೆ ಪದಾರ್ಥವು ಬಹುಕಾಲ ಉಳಿಯುವುದು. ಫ್ರಾನ್ಸ್ ದೇಶದ ನಿಕೊಲಾ ಅಪೇರ್ ಎಂಬ ಮಿಠಾಯಿಗಾರನು ಆಹಾರವನ್ನು ಗಾಜಿನ ಸೀಸೆಗಳಲ್ಲಿ ಮುಚ್ಚಿ ನೀರಿನಲ್ಲಿ ಕುದಿಸಿ ಕಾಪಿಡುವ ಈ ವಿಧಾನವನ್ನು ಕಂಡುಹಿಡಿದು, 1810ರಲ್ಲಿ ಅಲ್ಲಿನ ಸರ್ಕಾರದಿಂದ 12,000 ಫ್ರಾಂಕುಗಳ ಬಹುಮಾನವನ್ನು ಪಡೆದನು. ಅದು ಏಕೆ ಫಲಿಸುವುದೆಂಬುದು ಮಾತ್ರ ಲೂಯಿ ಪಾಶ್ಚರನ ಸಂಶೋಧನೆಗಳಿಂದ ಅರ್ಧ ಶತಮಾನದ ತರುವಾಯ ತಿಳಿದುಬಂದಿತು. ನಮ್ಮ ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಈ ಶಾಸ್ತ್ರವನ್ನು ನಮ್ಮ ದೇಶದ ಹಣ್ಣು ಕಾಯಿಗಳಿಗೆ ಅನ್ವಯಿಸುವ ಕಾರ್ಯದಲ್ಲಿ ನಿರತವಾಗಿದೆ.

ಇಲ್ಲಿ ಒಂದು ವಿಷಯವನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳತಕ್ಕದ್ದು. ಸೂಕ್ಷ್ಮ ಜೀವಿಗಳಲ್ಲಿ ಒಂದು ಜಾತಿಯ ಬೀಜಕಣಗಳು ಕುದಿಯುವ ನೀರಿಗೂ ಸಾಯುವುದಿಲ್ಲ. ಗಾಳಿಯಿಲ್ಲದ ಸೀಸೆಯೊಳಗೆ ಅವು ಮೊಳೆತು ಘೋರವಾದ ವಿಷವನ್ನು ಉಂಟುಮಾಡುವುವು. ಈ ವಿಷವಿರುವ ಆಹಾರಕ್ಕೆ ಕೆಟ್ಟ ವಾಸನೆಯಾಗಲಿ ರುಚಿಯಾಗಲಿ ಇರಲೇಬೇಕೆಂಬ ನಿಯಮವಿಲ್ಲ. ಆದರೆ ಹುಳಿ ಸಾಕಷ್ಟಿರುವ ಪದಾರ್ಥದಲ್ಲಿ ಅವು ಮೊಳೆಯಲಾರವು. ಟೊಮೇಟೊ ಹಣ್ಣಿನ ಹುಳಿಯು ಈ ಮೇರೆಯ ಅಂಚಿನಲ್ಲಿದೆ. ಅತಿಯಾಗಿ ಮಾಗಿದ ಮತ್ತು ಕೊಳೆತ ಹಣ್ಣಿನಲ್ಲಿ ಹುಳಿ ಕಡಿಮೆಯಾಗುವುದು. ಆದಕಾರಣ ಕೆಳಗೆ ಹೇಳಿರುವ ವಿನೆಗರ್ ಅಥವಾ ನಿಂಬೆ ಉಪ್ಪನ್ನು ರುಚಿಯ ನೆಪದಿಂದ ಕಡಿಮೆಮಾಡಕೂಡದು. ಹುಳಿ ಹೆಚ್ಚೆನಿಸಿದರೆ ಬಡಿಸುವಾಗ ಸ್ವಲ್ಪ ಬೆಲ್ಲ ಅಥವಾ ಸಕ್ಕರೆಯನ್ನು ಬೆರೆಸಿಕೊಳ್ಳಬಹುದು. ಈರುಳ್ಳಿ ಬೆಳ್ಳುಳ್ಳಿಗಳು ಹುಳಿಯನ್ನು ತಗ್ಗಿಸುವುದರಿಂದ ಅವುಗಳನ್ನು ಹೇಳಿದ ಅಳತೆಗಿಂತ ಹೆಚ್ಚಿಸಕೂಡದು. ಇದೇ ಕ್ರಮದಿಂದ ಹುರುಳಿಕಾಯಿ, ಬಟಾಣಿ, ಮಾಂಸ ಮುಂತಾದ ಹುಳಿಯಿಲ್ಲದ ಪದಾರ್ಥಗಳನ್ನು ಸೀಸೆಗಳಲ್ಲಿ ತುಂಬಿಡಲು ಎಂದಿಗೂ ಯತ್ನಿಸಕೂಡದು. ಅವುಗಳಿಗೆ ಒತ್ತಡದ ಉಗಿಯೇ ಬೇಕು.

ಹಣ್ಣಿನ ಆಯ್ಕೆ

ಗಿಡದಲ್ಲಿಯೇ ಪೂರ್ತಿಯಾಗಿ ಕೆಂಪಾಗಿ ಇನ್ನೂ ಗಟ್ಟಿಯಾಗಿರುವ ಹಣ್ಣು ಉತ್ತಮ. ತೊಟ್ಟಿನ ಬಳಿ ಹಸಿರಿದ್ದರೆ ಸಾಸಿನ ಬಣ್ಣ ಕಂದಾಗುವುದು. ಒಡೆದ, ಬೂಷ್ಟು ಹಿಡಿದ, ಹುಳು ಕೊರೆದ ಹಣ್ಣುಗಳನ್ನು ಪೂರ್ತಿಯಾಗಿ ತ್ಯಜಿಸತಕ್ಕದ್ದು. "ಹೇಗೂ ಬೇಯುವುದಲ್ಲವೆ?" ಎಂದು ಕೊಳೆತುದನ್ನು ಸೇರಿಸುವುದು ದೊಡ್ಡ ತಪ್ಪು. ಮಾರುಕಟ್ಟೆಗೆ ಸಣ್ಣದೆಂದೋ ಸೊಟ್ಟದೆಂದೋ ತಿರಸ್ಕೃತವಾದ ಹಣ್ಣು ಆರೋಗ್ಯವಾಗಿದ್ದರೆ ಅಡ್ಡಿಯಿಲ್ಲ. ರೈತನಿಗೆ ನಿಜವಾದ ಉಳಿತಾಯವು ಇಂತಹ ಹಣ್ಣಿನಲ್ಲಿಯೇ ಇದೆ.

ತಿರುಳು ಹೆಚ್ಚಾಗಿಯೂ ರಸ ಕಡಿಮೆಯಾಗಿಯೂ ಇರುವ ತಳಿಗಳು ಈ ಕೆಲಸಕ್ಕೆ ಯೋಗ್ಯವಾದುವು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಹೊರತಂದ ತಳಿಗಳಲ್ಲಿ ಅರ್ಕಾ ಸೌರಭ್ ಎಂಬುದು ಗಟ್ಟಿ ತಿರುಳಿನದಾಗಿದ್ದು ಸಂಸ್ಕರಣೆಗೆ ಒದಗುವುದು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಎಂಬ ಸಂಕರ ತಳಿಯು ಎಲೆ ಮುದುರು ರೋಗ, ದುಂಡಾಣು ಸೊರಗು ರೋಗ ಮತ್ತು ಎಲೆಯ ಅಂಗಮಾರಿ ರೋಗ, ಈ ಮೂರನ್ನೂ ತಡೆಯುವ ಗುಣವುಳ್ಳದ್ದು. ಎರೆಭೂಮಿಯಲ್ಲಿ ನೀರು ನಿಂತರೆ ಯಾವ ತಳಿಯೂ ಬಾಳದು. ಏರುಮಡಿಗಳ ಮೇಲೆ ನಾಟಿಮಾಡುವುದು ಮೇಲು.

ಬೇಕಾದ ಸಾಮಾನುಗಳು

ಅಗಲವಾದ ಸ್ಟೀಲಿನ ಪಾತ್ರೆ ಒಂದು, ಮರದ ಹುಟ್ಟು, ಸಣ್ಣ ಕಣ್ಣಿನ ಸ್ಟೀಲಿನ ಜರಡಿ, ತಕ್ಕಡಿ, ಸೀಸೆಗಳನ್ನು ಕುದಿಸಲು ಆಳವಾದ ಹಂಡೆ, ತೆಳುವಾದ ಬಿಳಿಯ ಬಟ್ಟೆ, ಇವಿಷ್ಟೇ ಸಾಕು. ತಾಮ್ರ ಹಿತ್ತಾಳೆಯ ಪಾತ್ರೆಗಳಲ್ಲಿಯೂ ಕಬ್ಬಿಣದ ಬಾಣಲೆಯಲ್ಲಿಯೂ ಹಣ್ಣನ್ನು ಬೇಯಿಸಕೂಡದು. ಹುಳಿಯು ಲೋಹವನ್ನು ತಿಂದು ಪದಾರ್ಥವನ್ನು ಕೆಡಿಸುವುದು. ಸೀಸೆಗಳು ಶಾಖವನ್ನು ತಡೆಯುವ ದಪ್ಪ ಗಾಜಿನವಾಗಿರಬೇಕು. ಬಾಯಿ ಒಡೆದುದನ್ನು ಬಳಸಕೂಡದು. ಮುಚ್ಚಳಗಳು ಒಳಗೆ ಮೆತ್ತನೆಯ ಪಟ್ಟಿಯುಳ್ಳ ಲೋಹದ ಹೊಸ ಮುಚ್ಚಳಗಳಾಗಿರಬೇಕು. ಸೀಸೆಯನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ಮುಚ್ಚಳವನ್ನು ಒಂದೇ ಸಲ.

ತಿರುಳನ್ನು ತೆಗೆಯುವುದು

ಹಣ್ಣನ್ನು ಎರಡು ಮೂರು ನೀರಿನಲ್ಲಿ ತೊಳೆದು, ತೊಟ್ಟಿನ ಭಾಗವನ್ನು ಕೊರೆದು ತೆಗೆದು, ನಾಲ್ಕು ಹೋಳುಗಳಾಗಿ ಹೆಚ್ಚಬೇಕು. ಹೆಚ್ಚಿದುದನ್ನು ಹಾಗೆಯೇ ಬಿಡದೆ ಕೂಡಲೇ ಒಲೆಗೆ ಏರಿಸಬೇಕು. ಹೆಚ್ಚಿ ಬಿಟ್ಟ ಹಣ್ಣಿನಲ್ಲಿ ಮಂದತೆಯನ್ನು ಕೊಡುವ ಅಂಶವು ಒಡೆದುಹೋಗಿ ಸಾಸು ನೀರಾಗುವುದು. ಕೂಡಲೇ ಕಾಯಿಸಿದರೆ ಹೀಗಾಗದು. ನೀರು ಸೇರಿಸಬೇಕಾಗಿಲ್ಲ. ಮರದ ಹುಟ್ಟಿನಿಂದ ಜಜ್ಜುತ್ತ ಸುಮಾರು ಹತ್ತು ನಿಮಿಷ ಬೇಯಿಸಿ, ಬಿಸಿಯಿರುವಾಗಲೇ ಜರಡಿಯಲ್ಲಿ ತಿಕ್ಕಿ ಸಿಪ್ಪೆ ಬೀಜಗಳನ್ನು ಬೇರ್ಪಡಿಸಬೇಕು. 7 ಕಿಲೋ ಹಣ್ಣಿಗೆ ಸುಮಾರು 5 ಕಿಲೋ ತಿರುಳು ದೊರೆಯುವುದು. ಸಿಪ್ಪೆ ಬೀಜಗಳು ಗೊಬ್ಬರದ ಗುಂಡಿಗೆ ಸಲ್ಲುವುವು.

ಸಾಸಿನ ಅಳತೆ ಮತ್ತು ಪಾಕ

5 ಕಿಲೋ ತಿರುಳಿಗೆ ಬೇಕಾದುವು: ಸಕ್ಕರೆ 375 ಗ್ರಾಂ, ಉಪ್ಪು 50 ಗ್ರಾಂ, ಸಣ್ಣಗೆ ಹೆಚ್ಚಿದ ಈರುಳ್ಳಿ 250 ಗ್ರಾಂ, ಶುಂಠಿ 50 ಗ್ರಾಂ, ಬೆಳ್ಳುಳ್ಳಿ 25 ಗ್ರಾಂ, ಒಣ ಮೆಣಸಿನಕಾಯಿಯ ಪುಡಿ 25 ಗ್ರಾಂ, ಕರಿಮೆಣಸು, ಜೀರಿಗೆ ಮತ್ತು ದಾಲ್ಚಿನ್ನಿ ತಲಾ 5 ಗ್ರಾಂ, ಲವಂಗ 10, ವಿನೆಗರ್ 125 ಮಿಲಿಲೀಟರ್.

ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಮತ್ತು ಮಸಾಲೆಗಳನ್ನು ಜಜ್ಜಿ ಬಿಳಿಯ ಬಟ್ಟೆಯಲ್ಲಿ ಸಡಿಲವಾಗಿ ಗಂಟುಕಟ್ಟಬೇಕು. ಲವಂಗದ ತಲೆಯನ್ನು ಮುರಿದು ತೆಗೆದು ಕಡ್ಡಿಯನ್ನು ಮಾತ್ರ ಹಾಕುವುದು ಒಳ್ಳೆಯದು. ಇದರ ಕಾರಣವನ್ನು ಮುಂದೆ ಹೇಳಿದೆ. ತಿರುಳನ್ನು ಒಲೆಯ ಮೇಲಿಟ್ಟು ಈ ಗಂಟನ್ನೂ ಸಕ್ಕರೆಯ ಮೂರರಲ್ಲಿ ಒಂದು ಪಾಲನ್ನೂ ಹಾಕಿ ಕುದಿಸಬೇಕು. ತಳ ಹಿಡಿಯದಂತೆ ಕೈಬಿಡದೆ ಕದಡುತ್ತಿರಬೇಕು. ನಡುನಡುವೆ ಗಂಟನ್ನು ಹುಟ್ಟಿನಿಂದ ಒತ್ತಿ ಸಾರವನ್ನು ಇಳಿಸಬೇಕು.

ಎಷ್ಟು ಇಂಗಿಸಬೇಕೆಂಬುದನ್ನು ತಿಳಿಯಲು ಸುಲಭವಾದ ಉಪಾಯವೊಂದುಂಟು. ನೆಟ್ಟಗೆ ಗೋಡೆಯುಳ್ಳ ಪಾತ್ರೆಯಲ್ಲಿ ತಿರುಳನ್ನು ಹಾಕಿದೊಡನೆಯೇ ಶುದ್ಧವಾದ ಕೋಲೊಂದನ್ನು ನಿಲ್ಲಿಸಿ ತಿರುಳಿನ ಎತ್ತರವನ್ನು ಗುರುತುಮಾಡಿ, ಆ ಎತ್ತರವನ್ನು ಐದು ಸಮಭಾಗಗಳಾಗಿ ಗೀರಿಕೊಳ್ಳಬೇಕು. ಪದಾರ್ಥವು ಎರಡು ಭಾಗದ ಗೀರಿಗೆ ಇಳಿಯುವುದರೊಳಗೆ ಗಂಟನ್ನು ಹಿಂಡಿ ತೆಗೆದು, ಉಳಿದ ಸಕ್ಕರೆ, ಉಪ್ಪು ಮತ್ತು ವಿನೆಗರನ್ನು ಸೇರಿಸಬೇಕು. ಉಪ್ಪನ್ನು ಮೊದಲೇ ಹಾಕಿದರೆ ಬಣ್ಣ ಮಾಸುವುದು. ವಿನೆಗರನ್ನು ಮೊದಲೇ ಹಾಕಿದರೆ ಅದರ ಹುಳಿಯು ಆವಿಯಾಗಿ ಹೋಗುವುದು. ಪುನಃ ಕೆಲವು ನಿಮಿಷ ಕುದಿಸಿ ಒಂದು ಹನಿಯನ್ನು ತಣ್ಣನೆಯ ತಟ್ಟೆಯ ಮೇಲೆ ಹಾಕಿ ನೋಡಬೇಕು. ಹನಿಯ ಸುತ್ತ ನೀರು ಬಿಡದಿದ್ದರೆ ಪಾಕವಾಯಿತೆಂದು ತಿಳಿಯತಕ್ಕದ್ದು. ಈ ಪ್ರಮಾಣದಿಂದ ಸುಮಾರು 2 ಕಿಲೋ ಸಾಸು, ಎಂದರೆ ಅರ್ಧ ಲೀಟರಿನ ಮೂರೂವರೆ ಸೀಸೆಗಳಾಗುವುವು. ಮಂದವಾಗಲೆಂದು ಜೋಳದ ಹಿಟ್ಟು, ಮೈದಾ ಮುಂತಾದುವನ್ನು ಬೆರೆಸಕೂಡದು. ಹಿಟ್ಟು ಸೇರಿದ ಪದಾರ್ಥದ ನಡುವಿಗೆ ಶಾಖವು ಸರಿಯಾಗಿ ಮುಟ್ಟುವುದಿಲ್ಲ.

ಸಿಹಿಯಿಲ್ಲದ ತಿರುಳು

ಸಿಹಿಸಾಸು ಬೇಡವೆನ್ನುವ ಮನೆಗಳಿಗೆ ಬರಿಯ ತಿರುಳೇ ಹೆಚ್ಚು ಉಪಯುಕ್ತ. ಸಾರಿಗೂ ಪಲ್ಯಕ್ಕೂ ಇದು ವರ್ಷವೆಲ್ಲಾ ಒದಗುವುದು. ಮಸಾಲೆಯಾಗಲಿ ಈರುಳ್ಳಿಯಾಗಲಿ ಇಲ್ಲದೆ ತಿರುಳನ್ನು ಅರ್ಧಕ್ಕೆ ಇಂಗಿಸಿ, ಅರ್ಧ ಲೀಟರಿನ ಪ್ರತಿ ಸೀಸೆಗೆ ಕಾಲು ಚಹಾ ಚಮಚೆ ನಿಂಬೆ ಉಪ್ಪನ್ನೂ ಒಂದು ಲೀಟರಿನದಕ್ಕೆ ಅರ್ಧ ಚಹಾ ಚಮಚೆಯನ್ನೂ ಸೀಸೆಗೇ ಹಾಕಿ, ಅದರ ಮೇಲೆ ಕುದಿಯುವ ತಿರುಳನ್ನು ತುಂಬಬೇಕು. ಈ ನಿಂಬೆ ಉಪ್ಪನ್ನು ಬಿಡುವುದು ಪ್ರಾಣಕ್ಕೆ ಅಪಾಯವೆಂದು ತಿಳಿದಿರಬೇಕು.

ಸೀಸೆಗಳಲ್ಲಿ ತುಂಬಿ ಮುಚ್ಚುವುದು

ಸೀಸೆಗಳನ್ನು ಸೋಪಿನ ನೀರಿನಲ್ಲಿ ತೊಳೆದು, ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ತುಂಬುವವರೆಗೂ ಬಿಸಿಯಾಗಿಯೇ ಇಟ್ಟಿರಬೇಕು. ತಣ್ಣನೆಯ ಸೀಸೆಗೆ ಕುದಿಯುವ ಪದಾರ್ಥವನ್ನು ಹಾಕಿದರೆ ಗಾಜು ಸೀಳುವುದು. ಮೇಲೆ ಕಾಲು ಅಂಗುಲ ಖಾಲಿ ಬಿಟ್ಟು ತುಂಬಿ, ಸೀಸೆಯ ಬಾಯನ್ನು ಶುದ್ಧವಾದ ಒದ್ದೆ ಬಟ್ಟೆಯಿಂದ ಒರಸಿ, ಮುಚ್ಚಳವನ್ನು ಹಾಕಬೇಕು. ಬಾಯಿಗೆ ಅಂಟಿದ ಒಂದು ಬೀಜವೂ ಮುಚ್ಚಳವನ್ನು ಸರಿಯಾಗಿ ಕೂರಗೊಡದು.

ಹಂಡೆಯ ತಳದಲ್ಲಿ ಮರದ ಹಲಗೆಯನ್ನಾಗಲಿ ಮಡಿಸಿದ ಬಟ್ಟೆಯನ್ನಾಗಲಿ ಹಾಸಿ, ಸೀಸೆಗಳನ್ನು ನೆಟ್ಟಗೆ ನಿಲ್ಲಿಸಿ, ಮುಚ್ಚಳಗಳ ಮೇಲೆ ಒಂದು ಅಂಗುಲ ನಿಲ್ಲುವಂತೆ ಬಿಸಿನೀರನ್ನು ತುಂಬಬೇಕು. ನೀರು ಕೊತಕೊತನೆ ಕುದಿಯಲಾರಂಭಿಸಿದ ಮೇಲೆ ಕಾಲವನ್ನು ಎಣಿಸತಕ್ಕದ್ದು. ಅರ್ಧ ಲೀಟರಿನ ಸೀಸೆಗಳಿಗೆ 40 ನಿಮಿಷ, ಒಂದು ಲೀಟರಿನವುಗಳಿಗೆ 45 ನಿಮಿಷ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳು ಸಮುದ್ರಮಟ್ಟಕ್ಕಿಂತ 1000 ಅಡಿಗೂ ಮೇಲಿರುವುದರಿಂದ ಇಲ್ಲಿ ನೀರು 100 ಡಿಗ್ರಿಗಿಂತ ಸ್ವಲ್ಪ ಕೆಳಗೇ ಕುದಿಯುವುದು. ಸಮುದ್ರತೀರದ ಊರುಗಳ ಲೆಕ್ಕಕ್ಕಿಂತ 5 ನಿಮಿಷ ಹೆಚ್ಚು ಹೇಳಿರುವುದು ಇದಕ್ಕಾಗಿಯೇ. ನಡುವೆ ಕುದಿ ನಿಂತುಹೋದರೆ ಪುನಃ ಮೊದಲಿನಿಂದ ಎಣಿಸಬೇಕು.

ತೆಗೆದ ಸೀಸೆಗಳನ್ನು ಬರಿಯ ಕಡಪೆಕಲ್ಲಿನ ಮೇಲಿಡದೆ ಗೋಣಿಯ ಮೇಲೆ ಗಾಳಿ ಬೀಸದ ಕಡೆ ಇಟ್ಟು ಒಂದು ಹಗಲು ರಾತ್ರಿ ತಾನಾಗಿ ಆರಗೊಡಬೇಕು. ಆರಿದ ಮೇಲೆ ಮುಚ್ಚಳದ ನಡುವನ್ನು ಬೆರಳಿನಿಂದ ಒತ್ತಿ ನೋಡಬೇಕು. ಒಳಕ್ಕೆ ತಗ್ಗಿ ಅಲುಗದಿದ್ದರೆ ಸರಿಯಾಗಿ ಮುಚ್ಚಿತೆಂದರ್ಥ. ಟಕ್ಕೆಂದು ಎದ್ದು ಕೂತರೆ ಆ ಸೀಸೆಯನ್ನು ತಂಪು ಪೆಟ್ಟಿಗೆಯಲ್ಲಿಟ್ಟು ಕೆಲವು ದಿನಗಳಲ್ಲಿಯೇ ಮುಗಿಸತಕ್ಕದ್ದು.

ಇಡುವ ಸ್ಥಳ ಮತ್ತು ದೋಷಗಳು

ನಮ್ಮ ಸೀಮೆಯ ಬೇಸಿಗೆಯ ಉರಿಯು ಸೀಸೆಗಳಿಗೆ ಶತ್ರು. ಬಿಸಿಲು ಬೀಳುವ ಕಿಟಕಿಯ ಬಳಿಯಾಗಲಿ, ತಗಡಿನ ಮಾಡಿನ ಕೆಳಗಾಗಲಿ, ಒಲೆಯ ಮೇಲಿನ ಅಟ್ಟದಲ್ಲಾಗಲಿ ಇಡಕೂಡದು. ಹಳೆಯ ಮಾಳಿಗೆ ಮನೆಗಳ ಮಣ್ಣಿನ ಮೇಲ್ಮುದ್ದೆಯ ಕೆಳಗಿನ ಕತ್ತಲೆಯ ಒಳಕೋಣೆಯು ಇದಕ್ಕೆ ತಕ್ಕ ಸ್ಥಳ. ಪ್ರತಿ ಸೀಸೆಯ ಮೇಲೂ ಮಾಡಿದ ದಿನವನ್ನು ಬರೆದು ಒಂದು ವರ್ಷದೊಳಗೆ ಉಪಯೋಗಿಸಬೇಕು. ತೆರೆದ ಸೀಸೆಯನ್ನು ತಂಪು ಪೆಟ್ಟಿಗೆಯಲ್ಲಿಡಬೇಕು. ಉಪ್ಪಿನಕಾಯಿಯ ಜಾಡಿಗೆ ಒದ್ದೆ ಚಮಚೆ ಹಾಕದ ಎಚ್ಚರಿಕೆಯೇ ಇಲ್ಲಿಯೂ ಬೇಕು.

ಸೀಸೆಯ ಕೊರಳಿನಲ್ಲಿ ಕಪ್ಪು ಬಳೆಯಂತೆ ಕಾಣಿಸುವುದು ಒಂದು ಸಾಮಾನ್ಯ ದೋಷ. ಲವಂಗ ಮುಂತಾದ ಮಸಾಲೆಗಳ ಒಗರು, ಮುಚ್ಚಳದ ಅಥವಾ ಪಾತ್ರೆಯ ಕಬ್ಬಿಣ ಮತ್ತು ಮೇಲೆ ನಿಂತ ಗಾಳಿ, ಈ ಮೂರೂ ಕೂಡಿದಾಗ ಇದು ಉಂಟಾಗುವುದು. ಲವಂಗದ ತಲೆಯನ್ನು ತೆಗೆಯಲು ಹೇಳಿದುದು ಇದಕ್ಕಾಗಿ. ಮುಚ್ಚಳ ಉಬ್ಬಿದ್ದರೆ, ತೆರೆಯುವಾಗ ಗಾಳಿ ಬುಸ್ಸೆಂದು ಹೊರಬಂದರೆ, ಬೂಷ್ಟು ಅಥವಾ ನೊರೆ ಕಂಡರೆ ರುಚಿ ನೋಡದೆಯೇ, ದನಕರುಗಳಿಗೂ ಹಾಕದೆ, ಆಳವಾಗಿ ಹೂಳಿಬಿಡಬೇಕು.

ಲಾಭನಷ್ಟದ ವಿಚಾರ

ಓದುಗರಿಗೆ ಹುಸಿ ಆಸೆಯನ್ನು ಹುಟ್ಟಿಸುವುದು ಈ ಲೇಖನದ ಉದ್ದೇಶವಲ್ಲ. ಒಳ್ಳೆಯ ಬೆಳೆಯು ಎಕರೆಗೆ 10 ಟನ್ನಿಗೂ ಮೀರಬಹುದು. ಒಂದು ಮನೆಯ ಒಲೆಯಲ್ಲಿ ದಿನಕ್ಕೆ 20 ಅಥವಾ 25 ಕಿಲೋ ಹಣ್ಣನ್ನು ಮುಗಿಸುವುದೇ ಪ್ರಯಾಸ. ಆದುದರಿಂದ ಧಾರಣೆ ಬಿದ್ದ ಫಸಲನ್ನೆಲ್ಲಾ ಸಾಸು ಮಾಡಿ ಉಳಿಸಿಕೊಳ್ಳಬಹುದೆಂದು ಯಾರೂ ಭಾವಿಸಕೂಡದು. ಆದರೆ ಹೀಗೆ ಲೆಕ್ಕಹಾಕಿ ನೋಡಬಹುದು. ಮನೆಗೆ ತಿಂಗಳಿಗೆ ಒಂದು ಅರ್ಧ ಲೀಟರಿನ ಸೀಸೆಯಂತೆ ವರ್ಷಕ್ಕೆ 12 ಸೀಸೆಗಳು ಸಾಕೆಂದಿಟ್ಟುಕೊಳ್ಳೋಣ. ಇದಕ್ಕೆ ಬೇಕಾದುದು 25 ಕಿಲೋಗಳ ಒಂದೇ ಕ್ರೇಟು ಹಣ್ಣು. ನೂರು ಮನೆಗಳ ಊರಿನಲ್ಲಿ ಪ್ರತಿ ಮನೆಯೂ ಒಂದೊಂದು ಕ್ರೇಟನ್ನು ಹೀಗೆ ಕಾಪಿಟ್ಟರೆ ಎರಡೂವರೆ ಟನ್ನು ಹಣ್ಣು ಕೊಳೆಯುವುದು ತಪ್ಪುವುದು. ದುಬಾರಿಯ ತಿಂಗಳುಗಳಲ್ಲಿ ನೂರು ಮನೆಗಳ ಸಂತೆಯ ಖರ್ಚು ಇಳಿಯುವುದು.

ಮಾರಾಟಕ್ಕಾಗಿ ಮಾಡುವ ವಿಚಾರ ಬೇರೆ. 2006ನೆಯ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಮಾಡಿಸದೆ ಸೀಸೆಯೊಂದನ್ನೂ ಮಾರಕೂಡದು. ಆ ಕಾಯಿದೆಯ ಕೆಳಗಿನ ನಿಯಮಗಳು ಟೊಮೇಟೊ ಸಾಸಿನಲ್ಲಿ ಉಪ್ಪನ್ನು ಬಿಟ್ಟು ಕರಗಿದ ಘನಾಂಶವು ನೂರಕ್ಕೆ 25ಕ್ಕೂ, ಹುಳಿಯು ನೂರಕ್ಕೆ 1ಕ್ಕೂ ಕಡಿಮೆಯಿರಬಾರದೆಂದು ಗೊತ್ತುಮಾಡಿದುವು. ಇವುಗಳನ್ನು ಅಳೆಯಲು ಉಪಕರಣಗಳೂ ತರಬೇತಿಯೂ ಬೇಕು. ಸಾಲ ತೆಗೆದು ಯಂತ್ರಗಳನ್ನು ತರುವುದಕ್ಕೆ ಮುಂಚೆ ಒಂದು ಹಂಗಾಮು ಮನೆಯ ಮಟ್ಟಿಗೆ ಮಾಡಿ ಕೈ ಪಳಗಿಸಿಕೊಳ್ಳುವುದೇ ವಿವೇಕ.

ಊರಿನ ಪ್ರಮುಖರು ಮಾಡಬಹುದಾದ ಕಾರ್ಯ

ಈ ಕೆಲಸವನ್ನು ಮಾಡತಕ್ಕವರು ಹೆಣ್ಣುಮಕ್ಕಳಾದರೂ ಅದಕ್ಕೆ ಅನುಕೂಲ ಮಾಡಿಕೊಡುವ ಭಾರ ಊರಿನ ಗೌಡರ ಮತ್ತು ಜಮೀನುದಾರರ ಮೇಲಿದೆ. ತಕ್ಕಡಿ, ಹಂಡೆ, ಜರಡಿಗಳನ್ನು ಪಂಚಾಯತಿಯಿಂದಲೋ ಸಹಕಾರ ಸಂಘದಿಂದಲೋ ಊರಿಗೆ ಒಂದು ಜೊತೆ ತರಿಸಿ, ಮನೆಯಿಂದ ಮನೆಗೆ ಸರದಿಯಂತೆ ಕೊಡಬಹುದು. ಸೀಸೆ ಮುಚ್ಚಳಗಳನ್ನು ಒಟ್ಟಾಗಿ ಕೊಂಡರೆ ಬೆಲೆ ಇಳಿಯುವುದು. ಸ್ತ್ರೀಶಕ್ತಿ ಸಂಘದವರನ್ನು ಒಂದು ದಿನ ಶಾಲೆಯ ಅಂಗಳದಲ್ಲಿ ಸೇರಿಸಿ, ಹಗರಿಯ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ಕರೆಸಿ, ಪ್ರತ್ಯಕ್ಷವಾಗಿ ಮಾಡಿ ತೋರಿಸುವಂತೆ ಕೋರಬಹುದು. ಸಿರುಗುಪ್ಪದ ಕಡೆಯವರು ತಳಿ ಬೇಸಾಯಗಳ ವಿಷಯವನ್ನು ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿಯೇ ವಿಚಾರಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನಾಟಿಯ ಕಾಲದಲ್ಲಿಯೇ ರೈತರನ್ನು ಕೂಡಿಸಿ, ಎಲ್ಲರೂ ಒಂದೇ ವಾರದಲ್ಲಿ ನೆಡದೆ ಹದಿನೈದು ದಿನಗಳ ಅಂತರದಲ್ಲಿ ನೆಡುವಂತೆ ಒಪ್ಪಿಸಿದರೆ ಕೊಯ್ಲಿನ ನೂಕುನುಗ್ಗಲು ಅರ್ಧ ಇಳಿಯುವುದು.

ಮೊದಲು ಗೌಡರ ಮನೆಯಲ್ಲಿಯೇ ಏಳು ಕಿಲೋ ಹಣ್ಣಿನಿಂದ ಆರಂಭವಾಗಲಿ. ಮೂರು ಸೀಸೆಗಳನ್ನು ಒಳಕೋಣೆಯಲ್ಲಿಟ್ಟು, ಮಿಕ್ಕ ಅರ್ಧ ಸೀಸೆಯನ್ನು ನೆರೆಯವರಿಗೆ ಬಡಿಸಿ ನೋಡಲಿ. ಆಷಾಢದಲ್ಲಿ ಸಂತೆಯ ಧಾರಣೆ ಏರಿದಾಗ ಆ ಸೀಸೆಗಳ ಮುಚ್ಚಳವನ್ನು ತೆರೆದ ದಿನ, ಊರಿನವರು ಕ್ರಮವನ್ನು ತಾವಾಗಿಯೇ ಕೇಳಿಕೊಂಡು ಬರುವರೆಂದು ನಂಬಬಹುದು.